ಹಾರಿದ್ದು ಎಷ್ಟು? ಸ್ಕೇಟ್‌ಬೋರ್ಡ್ ವಿಡಿಯೊ ಮತ್ತು ಒಂಬತ್ತನೆಯ ತರಗತಿಯ ವಿಜ್ಞಾನ ಪಾಠ

ಈ ಸಲದ ಅಭ್ಯಾಸ ಬೋಧನೆಗೆ ನಮ್ಮ ಪ್ರಶಿಕ್ಷಣಾರ್ಥಿಗಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪ್ರೌಢಶಾಲೆಗಳಿಗೆ ಹೋಗಿದ್ದರು. ಕೊಪ್ಪದಲ್ಲಿದ್ದ ಒಬ್ಬರು ‘ಬಲ ಮತ್ತು ಚಲನೆಯ ನಿಯಮಗಳು’ ಪಾಠಯೋಜನೆಯ ಬೋಧನೋಪಕರಣದ ಅಂಕಣದಲ್ಲಿ ‘ಸ್ಕೇಟ್‌ಬೋರ್ಡ್ ತಂಡದ ಹೊಸ ವಿಡಿಯೊ, 40 ನಿಮಿಷ’ ಎಂದು ಬರೆದಿದ್ದರು. ತರಗತಿಯ ಅವಧಿಯೂ 40 ನಿಮಿಷವೇ. ಪಾಠ ಯಾವಾಗ ಎಂದು ಕೇಳುವ ಮೊದಲು ನಾನೇ ಅದನ್ನು ಪೂರ್ತಿ ನೋಡಿದೆ.

ಇಂಥದ್ದನ್ನು ನೋಡದವರಿಗೆ ಎರಡು ಮಾತು. ಸ್ಕೇಟ್‌ಬೋರ್ಡ್ ಕಂಪನಿಯೊಂದು ತನ್ನ ತಂಡದವರನ್ನು ತಿಂಗಳುಗಟ್ಟಲೆ ಚಿತ್ರಿಸಿ, ಒಬ್ಬೊಬ್ಬರಿಗೆ ಒಂದು ಭಾಗ, ಒಂದು ಹಾಡು ಎಂದು ಹಂಚಿ ಪೂರ್ಣಾವಧಿ ವಿಡಿಯೊ ಹೊರತರುತ್ತದೆ. 1984ರ ‘ಬೋನ್ಸ್ ಬ್ರಿಗೇಡ್ ವಿಡಿಯೊ ಶೋ’ ಈ ಬಗೆಯ ಮೊದಮೊದಲ ವಿಡಿಯೊಗಳಲ್ಲಿ ಒಂದು. ನಮ್ಮ ರಾಜ್ಯಕ್ಕೂ ಆಟ ಹೊಸದಲ್ಲ. 2013ರಲ್ಲಿ ಹೋಲಿಸ್ಟೋಕ್ಡ್ ಕಲೆಕ್ಟಿವ್ ಗುಂಪು ಲೀವೈಸ್ ನೆರವಿನಿಂದ ಬೆಂಗಳೂರಿನಲ್ಲಿ ಸ್ಕೇಟ್‌ಪಾರ್ಕ್ ಕಟ್ಟಿತು. ಮಲೆನಾಡಿನಲ್ಲಿ ಅಂಥ ನಯವಾದ ಒಣನೆಲ ಎಲ್ಲಿಂದ ಬರಬೇಕು? ಆದರೆ ಅಡಿಕೆ ಹಾಳೆಯ ಮೇಲೆ ಕೂತು ಜಾರದ, ಬೇರಿಂಗ್ ಗಾಡಿ ನೋಡದ ಮಗು ಇಲ್ಲಿ ಕಡಿಮೆ. ಸ್ಕೇಟ್‌ಬೋರ್ಡಿನ ನಾಲ್ಕು ಚಕ್ರಗಳೊಳಗೆ ಇರುವುದೂ ಎಂಟು ಬೇರಿಂಗುಗಳೇ.

ಚರ್ಚಿಸಿದ ಮೇಲೆ ಆಕೆ 40 ನಿಮಿಷದಲ್ಲಿ 12 ಸೆಕೆಂಡು ಉಳಿಸಿಕೊಂಡರು. ಅದರಲ್ಲಿ ಇರುವುದು ‘ಆಲಿ’ ಎಂಬ ಒಂದೇ ಜಿಗಿತ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಫ್ಲಾರಿಡಾದ ಅಲನ್ ಗೆಲ್ಫಾಂಡ್ ಇಳಿಜಾರಿನಲ್ಲಿ ಕಂಡುಕೊಂಡ ಇದನ್ನು ರಾಡ್ನಿ ಮಲೆನ್ ಮುಂದೆ ಸಮತಟ್ಟು ನೆಲಕ್ಕೆ ತಂದರು. ಕೈ ಹಲಗೆಯನ್ನು ಮುಟ್ಟುವುದಿಲ್ಲ, ಆದರೂ ಹಲಗೆ ಕಾಲಿನ ಜೊತೆಗೇ ಏಳುತ್ತದೆ.

“ಕಾಲಿಗೆ ಗಮ್ ಹಚ್ಚಿದಾರಾ ಮೇಡಂ?” ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಆಕೆ ಉತ್ತರಿಸಲಿಲ್ಲ, ನೆಲ ಬಿಡುವ ಹೊತ್ತಿನ ಹಲಗೆಯ ಚಿತ್ರ ಬರೆಯಿರಿ ಎಂದರು. ಹೆಚ್ಚಿನವರು ನಾಲ್ಕೂ ಚಕ್ರ ಒಟ್ಟಿಗೆ ಎದ್ದಂತೆ ಬರೆದರು. ಹಾಡಿನ ಸದ್ದು ಬಂದ್ ಮಾಡಿ ಇನ್ನೆರಡು ಸಲ ತೋರಿಸಿದಾಗ ಕಂಡಿತು: ಹಿಂಗಾಲು ಹಲಗೆಯ ಬಾಲವನ್ನು ನೆಲಕ್ಕೆ ಬಡಿಯುತ್ತದೆ, ನೆಲ ಅದನ್ನು ಮೇಲಕ್ಕೆ ತಳ್ಳುತ್ತದೆ, ಮುಂಗಾಲಿನ ಬೂಟು ಮರಳುಕಾಗದದಂಥ ಮೇಲ್ಮೈಯನ್ನು ಉಜ್ಜುತ್ತ ಹಲಗೆಯನ್ನು ಎಳೆದು ಮಟ್ಟಕ್ಕೆ ತರುತ್ತದೆ. ಮೂರನೆಯ ನಿಯಮವೂ ಘರ್ಷಣೆಯೂ ಮಕ್ಕಳ ಚಿತ್ರದಲ್ಲೇ ಬಂದವು.

ಎಷ್ಟು ಎತ್ತರ ಹಾರಿದ? ಇಡೀ ತರಗತಿ “ಒಂದಾಳೆತ್ತರ” ಎಂದಿತು. ಕ್ಯಾಮೆರಾ ನೆಲದ ಹತ್ತಿರ ಇದ್ದು, ಮೀನುಗಣ್ಣಿನ ಮಸೂರ ಹಾಕಿದ್ದರಿಂದ ಹಾಗೆ ಕಾಣುತ್ತದೆ. ವಿಡಿಯೊ ಸೆಕೆಂಡಿಗೆ 30 ಫ್ರೇಮ್‌ನದು. ಚಕ್ರಗಳು ಗಾಳಿಯಲ್ಲಿದ್ದದ್ದು 15 ಫ್ರೇಮ್, ಅಂದರೆ ಅರ್ಧ ಸೆಕೆಂಡು. ಏರಲು ಅದರ ಅರ್ಧ, 0.25 ಸೆಕೆಂಡು. 9.8ರ ಅರ್ಧವನ್ನು 0.25ರ ವರ್ಗದಿಂದ ಗುಣಿಸಿದರೆ 0.31 ಮೀಟರ್. ಮಕ್ಕಳ ಅಳತೆಪಟ್ಟಿಗಿಂತ ಒಂದು ಸೆಂಟಿಮೀಟರ್ ಹೆಚ್ಚು! ಮೊಣಕಾಲು ಮಡಚುವುದರಿಂದ ಹಲಗೆ ತುಸು ಹೆಚ್ಚೇ ಏರಬಹುದು, ಒಂದಾಳೆತ್ತರವಂತೂ ಅಲ್ಲ. ನಿಧಾನಗತಿಯ ದೃಶ್ಯ ಆರಿಸಿದರೆ ಈ ಲೆಕ್ಕ ಪೂರಾ ಕೆಡುತ್ತದೆ.

ನಮ್ಮ ಅವಲೋಕನ ನಮೂನೆಯಲ್ಲಿ ‘ಮಕ್ಕಳು ಆಸಕ್ತಿಯಿಂದ ನೋಡಿದರು’ ಎಂಬ ಸಾಲಿಗೆ ಎಲ್ಲರೂ ಗುರುತು ಹಾಕುತ್ತಾರೆ. ವಿಡಿಯೊ ಹಾಕಿದರೆ ಯಾರು ನೋಡುವುದಿಲ್ಲ? ನಾನು ಆ ಸಾಲನ್ನು ಖಾಲಿ ಬಿಟ್ಟು ಮಕ್ಕಳ ಮೊದಲ ಚಿತ್ರ, ಕೊನೆಯ ಚಿತ್ರ ಎರಡನ್ನೂ ನಮೂನೆಗೆ ಪಿನ್ ಮಾಡಿದೆ.

ಶೃಂಗೇರಿ ಕಡೆಯ ಶಾಲೆಯಲ್ಲಿ ಅಂದು ಕರೆಂಟ್ ಇರಲಿಲ್ಲ. ಅಲ್ಲಿಯ ಪ್ರಶಿಕ್ಷಣಾರ್ಥಿ ಹಾಳೆಯನ್ನೇ ಜಗಲಿಗೆ ತಂದು, ಒದ್ದೆ ನೆಲ, ಒಣ ನೆಲ ಎರಡರಲ್ಲೂ ಎಳೆಸಿ ಘರ್ಷಣೆಯ ಪಾಠ ಮುಗಿಸಿದರು. ವಿಡಿಯೊ ಪಾಠಕ್ಕಿಂತ ಅದೇನೂ ಕಡಿಮೆಯಿರಲಿಲ್ಲ. ನರಸಿಂಹರಾಜಪುರದಲ್ಲಿ ಒಬ್ಬ ಹುಡುಗ, “ಇದೊಂದು ಸರಿ ಬರೋಕೆ ಎಷ್ಟು ಸಲ ಬಿದ್ದಿರ್ತಾರೆ ಸಾರ್?” ಎಂದ. ಆ ಪ್ರಶಿಕ್ಷಣಾರ್ಥಿ “ವಿಡಿಯೊದಿಂದ ಅದು ಗೊತ್ತಾಗೋದಿಲ್ಲ, ಬಿದ್ದದ್ದನ್ನ ಕತ್ತರಿಸಿದ್ದಾರೆ” ಎಂದು ಹೇಳಿ, ವಿಡಿಯೊದ ಕೊನೆಯಲ್ಲಿದ್ದ ಬೀಳುವ ದೃಶ್ಯಗಳನ್ನು ತೋರಿಸಿದರು. ಇದು ಬೇಕಿತ್ತು. ಹಲಗೆಗೆ ಬೇರಿಂಗ್ ಕಟ್ಟಿ ಬಸ್ಸು ಓಡಾಡುವ ಇಳಿಜಾರಿಗೆ ಇಳಿಯುವ ಯೋಜನೆ ಅಷ್ಟರಲ್ಲೇ ಮೂವರಲ್ಲಿ ಮೊಳೆತಿತ್ತು. ಹೆಲ್ಮೆಟ್ ಮತ್ತು ರಸ್ತೆಯ ಮಾತನ್ನು ಆಗಲೇ ಆಡಿ ಮುಗಿಸಿದೆವು.

ಈ ತುಣುಕು ಬಳಸುವವರು ಎಣಿಕೆಯನ್ನು ಮೂರು ಗುಂಪುಗಳಿಂದ ಮಾಡಿಸಿ. ಕೊಪ್ಪದಲ್ಲಿ 15, 15, 17 ಬಂತು. ಎರಡು ಫ್ರೇಮ್ ಹೆಚ್ಚಾದದ್ದಕ್ಕೆ ಎತ್ತರ 39 ಸೆಂಟಿಮೀಟರ್‌ಗೆ ಏರಿತು. ಆ ಗುಂಪು ಬಾಲ ನೆಲಕ್ಕೆ ಬಡಿದ ಕ್ಷಣದಿಂದ ಎಣಿಸಿತ್ತು. ಎಲ್ಲಿಂದ ಎಣಿಸಬೇಕೆಂಬ ವಾದ ಬೆಲ್ ಹೊಡೆದ ಮೇಲೂ ನಡೆದಿತ್ತು.