ಉಸಿರು ನೋಡಿ, ಆಮೇಲೆ ಮುಟ್ಟಿ

‘ಗಂಟ್ಲಾಗೆ ಮೂಳೆ ಸಿಕ್ಕಂಡೈತೆ ಸಾರ್.’ ಹಿರಿಯೂರು ಸೀಮೆಯಲ್ಲಿ ನಾಯಿ ಕೆಮ್ಮಿದರೆ ದನದ ಆಸ್ಪತ್ರೆಗೆ ಮೊದಲು ಬರುವ ಮಾತು ಇದೇ. ಒಣ ಕೆಮ್ಮು, ಕೊನೆಗೊಂದು ಓಕರಿಕೆ, ಬಾಯಲ್ಲಿ ಬಿಳಿ ನೊರೆ. ನೋಡಿದವರಿಗೆ ಏನೋ ಸಿಕ್ಕಿಕೊಂಡಂತೆಯೇ ಕಾಣುತ್ತದೆ. ಆದರೆ ಕೆಮ್ಮಿ ನೊರೆ ಕಕ್ಕಿ ಮರುಗಳಿಗೆಯೇ ಅನ್ನದ ತಟ್ಟೆಗೆ ಬಾಯಿ ಹಾಕುವ ನಾಯಿಗೆ ಬಂದಿರುವುದು ಹೆಚ್ಚಾಗಿ ಕೆನಲ್ ಕಾಫ್. ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯ, ಜೊತೆಗೆ ಒಂದೆರಡು ವೈರಸ್ ಸೇರಿ ತರುವ ಅಂಟುರೋಗ ಇದು. ಜ್ವರವಿಲ್ಲದೆ, ಊಟ ಬಿಡದೆ ಗೆಲುವಾಗಿದ್ದರೆ ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ. ಬೇರೆ ನಾಯಿಗಳಿಂದ ದೂರ ಇಟ್ಟರೆ ಸಾಕು. ಜ್ವರ ಬಂದು, ಮೂಗಿನಲ್ಲಿ ಕೀವು ಕಂಡರೆ ಮಾತ್ರ ಡಾಕ್ಸಿಸೈಕ್ಲಿನ್‌ನಂಥ ಔಷಧಿ ಬೇಕು.

ಮೂಳೆ ಹುಡುಕಲು ಬಾಯಿಗೆ ಬೆರಳು ಹಾಕುವವರನ್ನು ಕಂಡಾಗೆಲ್ಲ ನನಗೆ ಎದೆ ಝಲ್ ಎನ್ನುತ್ತದೆ. ದವಡೆ ಜೋತುಬಿದ್ದು, ಜೊಲ್ಲು ಸುರಿಯುತ್ತ, ನೀರು ನುಂಗಲಾಗದೆ, ಬೊಗಳುವ ದನಿಯೇ ಬದಲಾಗಿದ್ದರೆ ಅದು ರೇಬೀಸ್ ಇರಬಹುದು. ಆ ಬಾಯಿಗೆ ಕೈ ಹಾಕಲೇಬೇಡಿ. ಹಾಕಿದ್ದರೆ ಸೋಪು ಹಚ್ಚಿ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಚುಚ್ಚುಮದ್ದಿಗೆ ಹೋಗಿ.

ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಒಂದು: ಸ್ಟೆತಾಸ್ಕೋಪ್ ಇಡುವ ಮೊದಲು ದೂರ ನಿಂತು ಉಸಿರು ನೋಡಬೇಕು. ಉಸಿರು ಎಳೆಯುವಾಗ ಸದ್ದು ಬಂದರೆ ತೊಂದರೆ ಮೂಗು, ಗಂಟಲಿನ ಕಡೆ. ಬಿಡುವಾಗ ಹೊಟ್ಟೆ ಒತ್ತಿ ಕಷ್ಟಪಟ್ಟರೆ ಎದೆಯೊಳಗಿನ ಸಣ್ಣ ಕೊಳವೆಗಳಲ್ಲಿ. ಮೂಗು ಚಪ್ಪಟೆಯಾದ ಪಗ್ ಗೊರಗೊರ ಎನ್ನುವುದನ್ನು ಮುದ್ದಿಗೆ ಲೆಕ್ಕ ಹಾಕುವವರಿದ್ದಾರೆ. ಅದು ಕಿರಿದಾದ ಮೂಗಿನ ಹೊಳ್ಳೆ, ಉದ್ದವಾದ ಮೆದು ಅಂಗುಳಿನ ನಡುವೆ ಗಾಳಿಗಾಗಿ ಪಡುವ ಪಾಡು. ನಾಯಿ ಮೈ ತಂಪು ಮಾಡಿಕೊಳ್ಳುವುದೇ ತೇಕಿ ತೇಕಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಆ ದಾರಿಯೇ ಕಟ್ಟಿದರೆ ಜೀವಕ್ಕೇ ಕುತ್ತು ಬರುತ್ತದೆ. ಎಳೆವಯಸ್ಸಿನಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿದರೆ ಬಹಳ ಅನುಕೂಲ.

ವಯಸ್ಸಾದ ಪಾಮೇರಿಯನ್ ಬಾತುಕೋಳಿಯಂತೆ ಕೂಗಿ ಕೆಮ್ಮಿದರೆ ಶ್ವಾಸನಾಳದ ಉಂಗುರಗಳು ಸಡಿಲಾಗಿ ಚಪ್ಪಟೆಯಾಗಿವೆ ಎಂದೇ ನನ್ನ ಮೊದಲ ಅನುಮಾನ. ಕೊರಳ ಬೆಲ್ಟ್ ತೆಗೆದು ಎದೆಗೆ ಕಟ್ಟುವ ಪಟ್ಟಿ ಹಾಕಿ, ಮೈ ಇಳಿಸಿದರೆ ಅರ್ಧ ಕೆಮ್ಮು ಕಡಿಮೆಯಾಗುತ್ತದೆ. ಆದರೆ ಅದೇ ವಯಸ್ಸಿನಲ್ಲಿ ಹೃದಯದ ಕವಾಟವೂ ಸವೆದಿರಬಹುದು. ಯಾವುದರಿಂದ ಕೆಮ್ಮು ಎಂದು ತಿಳಿಯಲು ಎಕ್ಸ್‌ರೇ ಬೇಕು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ: ನಿದ್ದೆಯಲ್ಲಿರುವಾಗ ನಿಮಿಷಕ್ಕೆ ಎಷ್ಟು ಸಲ ಎದೆ ಏಳುತ್ತದೆ ಎಂದು ಎಣಿಸಿ. ಅದು 30 ದಾಟುತ್ತಲೇ ಇದ್ದರೆ ತಡ ಮಾಡಬೇಡಿ.

ಬೆಕ್ಕಿನ ಕಥೆ ಬೇರೆ. ಅದು ಕೆಮ್ಮುತ್ತಿದೆ ಎಂದು ಯಾರೂ ಕರೆತರುವುದಿಲ್ಲ. ‘ಕೂದ್ಲು ಕಕ್ಕಾಕೆ ನೋಡ್ತೈತೆ, ಏನೂ ಬರಾದಿಲ್ಲ’ ಎನ್ನುತ್ತಾರೆ. ಹೊಸದುರ್ಗದ ಕಡೆಯ ಒಬ್ಬ ತಾಯಿ ಮೊಬೈಲಿನಲ್ಲಿ ತೋರಿಸಿದ ವಿಡಿಯೋ ನನಗೆ ಇಂದಿಗೂ ಪಾಠ. ಬೆಕ್ಕು ನೆಲಕ್ಕೆ ಅವುಚಿ ಕೂತಿದೆ, ಕತ್ತು ಮುಂದಕ್ಕೆ ಚಾಚಿದೆ, ಮೊಣಕೈ ಹೊರಕ್ಕೆ. ಗೊರ್ ಗೊರ್ ಎಂದು ಕೆಮ್ಮಿ ಕೊನೆಗೊಂದು ಗುಟುಕು ನುಂಗುತ್ತದೆ. ಅದು ವಾಂತಿಯಲ್ಲ, ಉಬ್ಬಸ. ಹೃದಯದ ಕಾಯಿಲೆಯಲ್ಲಿ ಬೆಕ್ಕು ಕೆಮ್ಮುವುದು ಅಪರೂಪ. ಜಂತು, ಸೋಂಕು ಅಲ್ಲವೆಂದು ಖಚಿತವಾದ ಮೇಲೆ ಮನುಷ್ಯರ ಇನ್ಹೇಲರನ್ನೇ ಕೊಡಿಸಿದೆ. ಮೆಡಿಕಲ್ ಶಾಪಿನಲ್ಲಿ ಕೂಸುಗಳಿಗೆ ಸಿಗುವ ಮಾಸ್ಕ್ ಮತ್ತು ಸ್ಪೇಸರ್ ಸಾಕು. ಮೊದಲ ದಿನಗಳಲ್ಲಿ ಔಷಧಿಯಿಲ್ಲದ ಮಾಸ್ಕ್ ಮುಟ್ಟಿಸಿ, ಒಂದು ಚೂರು ಮೀನು ಕೊಟ್ಟು ರೂಢಿ ಮಾಡಿಸಿದರು. ಆಮೇಲೆ ಫ್ಲೂಟಿಕಾಸೋನ್, ಏಳೆಂಟು ಉಸಿರು ಎಣಿಸುವವರೆಗೆ. ಅದು ಹಿಡಿಯಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಪ್ರೆಡ್ನಿಸೊಲೋನ್ ಮಾತ್ರೆ. ಕೆಮ್ಮು ನಿಂತಿತೆಂದು ನಡುವೆ ಬಿಡುವಂತಿಲ್ಲ. ಕಾಯಿಲೆ ಹದ್ದುಬಸ್ತಿನಲ್ಲಿರುತ್ತದೆಯೇ ಹೊರತು ಹೋಗುವುದಿಲ್ಲ.

ನಮ್ಮ ಮಾರಿಕಣಿವೆ ಜಲಾಶಯ 2022ರಲ್ಲಿ 89 ವರ್ಷದ ಮೇಲೆ ಕೋಡಿ ಬಿದ್ದು ಊರೆಲ್ಲ ಹಿಗ್ಗಿತು. ನೀರು ಬಂದರೂ ನಮ್ಮದು ಧೂಳಿನ ನಾಡೇ. ಶೇಂಗಾ ಬಡಿಯುವ ಕಣ, ಹೊಳಲ್ಕೆರೆ ಕಡೆಯ ಅಡಿಕೆ ಸುಲಿಯುವ ಮನೆ, ಅದಿರಿನ ಲಾರಿ ಓಡುವ ರಸ್ತೆ, ಮನೆಯೊಳಗೆ ಸೌದೆ ಒಲೆ, ಸೊಳ್ಳೆ ಬತ್ತಿ: ಉಸಿರಿಗೆ ಇವೆಲ್ಲ ಶತ್ರು. ಆ ಬೆಕ್ಕಿನ ಚಿಕಿತ್ಸೆಯಲ್ಲಿ ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿದ್ದಕ್ಕೂ ಔಷಧಿಯಷ್ಟೇ ಪಾಲಿದೆ ಎಂದು ನಾನು ನಂಬುತ್ತೇನೆ.

ಮನೆಮಂದಿಗೆ ನನ್ನ ಕೋರಿಕೆ: ಕೆಮ್ಮು ಬಂದಾಗ ಒಂದು ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಪ್ರಾಣಿ ಕೆಮ್ಮುವುದೇ ಇಲ್ಲ. ಜ್ವರವೆಂದು ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ಬೆಕ್ಕು ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಹಿಡಿದು ಮಲಗಿಸಬೇಡಿ, ನೀರು ಹೊಯ್ಯಬೇಡಿ. ಗಾಳಿಯಾಡುವ ಬುಟ್ಟಿಯಲ್ಲಿ ಕೂರಿಸಿಕೊಂಡು, ಬೆಳಗಾಗಲಿ ಎಂದು ಕಾಯದೆ ಹೊರಡಿ.