ದೂರದ ಗಿರಾಕಿಗಳಿಗೆ ಬ್ಯಾಂಕಿನ ಖಾತೆಯ ವಿವರಗಳನ್ನು ಕೊಡುವ ವಿಷಯ

ರಾಸುಗಳನ್ನು ಮಾರಬೇಕಾದರೆ ಹಿಂದೆ ಘಾಟಿ ಸುಬ್ರಹ್ಮಣ್ಯದಂತಹ ಜಾತ್ರೆಗೆ ಹೊಡೆದುಕೊಂಡು ಹೋಗಿ, ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಗೊತ್ತುಮಾಡಿ, ರೂಪಾಯಿಗಳನ್ನು ಎಣಿಸಿಕೊಂಡ ಮೇಲೆಯೇ ಹಗ್ಗವನ್ನು ಕೊಳ್ಳುವವನ ಕೈಗೆ ಕೊಡುವುದು ವಾಡಿಕೆಯಾಗಿತ್ತು. ಜಾತ್ರೆಗಳು ಈಗಲೂ ನಿಂತಿಲ್ಲ. ಆದರೆ ಈಚೆಗೆ ಹಸು, ಎಮ್ಮೆ, ಹಳೆಯ ಟ್ರಾಕ್ಟರು, ಟಿಲ್ಲರು, ಕೊಬ್ಬರಿ, ಬೆಲ್ಲ, ಜೇನುತುಪ್ಪ ಮೊದಲಾದವುಗಳ ಚಿತ್ರವನ್ನು ಮೊಬೈಲ್ ಫೋನಿನಲ್ಲಿ ಹಿಡಿದು ಆನ್‌ಲೈನಿನಲ್ಲಿ ಪ್ರಕಟಿಸಿ ಮಾರುವ ರೂಢಿಯು ಹಳ್ಳಿಗಳಲ್ಲಿಯೂ ಹರಡಿದೆ. ಕೊಳ್ಳುವವನು ಯಾವುದೋ ದೂರದ ಜಿಲ್ಲೆಯಲ್ಲಿರುತ್ತಾನೆ, ಮುಖಪರಿಚಯವಿರುವುದಿಲ್ಲ. ಬೆಲೆಯು ಗೊತ್ತಾದ ಕೂಡಲೇ "ಹಣ ಕಳುಹಿಸುತ್ತೇನೆ, ತಮ್ಮ ಖಾತೆಯ ನಂಬರು ಕೊಡಿ" ಎನ್ನುತ್ತಾನೆ. ಆಗ ಮಾರುವವನು ಅದನ್ನು ಕೊಡಬಹುದೇ ಕೂಡದೇ ಎಂಬ ಸಂಶಯವು ಅನೇಕ ಜಮೀನುದಾರರಿಗೆ ಉಂಟಾಗಿ, ಅವರು ಊರಿನ ಯಜಮಾನರನ್ನು ಬಂದು ಕೇಳುವುದುಂಟು.

ಬ್ಯಾಂಕಿನ ಖಾತೆಯ ನಂಬರೆಂಬುದು (ಜಮೀನಿನ ಖಾತೆಗೂ ಇದಕ್ಕೂ ಸಂಬಂಧವಿಲ್ಲ) ಹಣವು ಬಂದು ಸೇರತಕ್ಕ ವಿಳಾಸವೇ ಹೊರತು ಹಣವನ್ನು ತೆಗೆಯುವ ಬೀಗದಕೈಯಲ್ಲ. ಅದರೊಡನೆ ತಿಳಿಸಬೇಕಾದ ಐಎಫ್‌ಎಸ್‌ಸಿ ಎಂಬ ಸಂಕೇತದಲ್ಲಿ ಒಟ್ಟು 11 ಸ್ಥಾನಗಳಿರುತ್ತವೆ. ಮೊದಲಿನ 4 ಅಕ್ಷರಗಳು ಬ್ಯಾಂಕನ್ನೂ, ಕಡೆಯ 6 ಸ್ಥಾನಗಳು ಶಾಖೆಯನ್ನೂ ಸೂಚಿಸುತ್ತವೆ. ನಡುವಿನ ಐದನೆಯದು ಸೊನ್ನೆ. ಇದು ಚೆಕ್ಕಿನ ಹಾಳೆಗಳ ಮೇಲೆ ಬಹಿರಂಗವಾಗಿ ಅಚ್ಚಾಗಿರುವುದರಿಂದ ಗುಟ್ಟಿನ ವಿಷಯವೇ ಅಲ್ಲ. ದೇವಸ್ಥಾನದ ಹುಂಡಿಯು ಎಲ್ಲಿದೆಯೆಂಬುದು ಊರಿಗೆಲ್ಲಾ ತಿಳಿದಿರುತ್ತದೆ, ಯಾರು ಬೇಕಾದರೂ ಅದಕ್ಕೆ ಕಾಣಿಕೆಯನ್ನು ಹಾಕಬಹುದು. ತೆರೆಯುವುದಕ್ಕೆ ಮಾತ್ರ ಬೀಗದಕೈ ಬೇಕು. ಖಾತೆಯಿಂದ ಹಣವು ಹೊರಕ್ಕೆ ಹೋಗಬೇಕಾದರೆ ಚೆಕ್ಕಿನ ಮೇಲೆ ರುಜು, ಕಾರ್ಡಿನ ಗುಪ್ತ ಸಂಖ್ಯೆ, ಯುಪಿಐ ಪಿನ್ನು, ಫೋನಿಗೆ ಬರುವ ಒಟಿಪಿ, ಬೆರಳಚ್ಚು ಇವುಗಳಲ್ಲಿ ಯಾವುದಾದರೊಂದು ಇರಲೇಬೇಕು. ಬರಿಯ ನಂಬರಿನಿಂದ ಯಾರೂ ಒಂದು ರೂಪಾಯಿಯನ್ನೂ ತೆಗೆಯಲಾರರು.

ಆದಕಾರಣ ಹೆಸರು, ಖಾತೆಯ ನಂಬರು, ಬ್ಯಾಂಕಿನ ಶಾಖೆ, ಐಎಫ್‌ಎಸ್‌ಸಿ ಈ ನಾಲ್ಕನ್ನು ಗಿರಾಕಿಗೆ ತಿಳಿಸುವುದರಲ್ಲಿ ಅಂಜತಕ್ಕದ್ದೇನೂ ಇಲ್ಲ. ಕೆಲವರು ಅತಿಯಾದ ಭಯದಿಂದ ನಗದನ್ನೇ ತಂದುಕೊಡಬೇಕೆಂದು ಹಟಹಿಡಿದು ಒಳ್ಳೆಯ ಗಿರಾಕಿಯನ್ನು ಕಳೆದುಕೊಳ್ಳುತ್ತಾರೆ. ಇನ್ನು ಕೆಲವರು ಜಾಣತನವೆಂದು ತಿಳಿದು ನೆರೆಯವನ ಅಥವಾ ನೆಂಟನ ಖಾತೆಯ ನಂಬರನ್ನು ಕೊಡುತ್ತಾರೆ. ಇದು ಮೊದಲನೆಯದಕ್ಕಿಂತಲೂ ಕೆಟ್ಟದ್ದು. ಹಣವು ಪರರ ಖಾತೆಗೆ ಬಿದ್ದಮೇಲೆ ಅದು ತನ್ನ ಮಾಲಿನ ಬೆಲೆಯೆಂದು ಸಾಧಿಸುವುದು ಕಷ್ಟ, ನೆಂಟಸ್ತಿಕೆಯೂ ಕೆಡುತ್ತದೆ.

ಆದರೂ ನಂಬರನ್ನು ಮಾರಾಟದ ಪ್ರಕಟಣೆಯಲ್ಲಿಯೇ ಹಾಕಿ ಕಂಡಕಂಡವರಿಗೆ ಹಂಚುವುದು ಯುಕ್ತವಲ್ಲ. ನಂಬರನ್ನೂ ಶಾಖೆಯನ್ನೂ ತಿಳಿದಿರುವ ಮೋಸಗಾರನು ಬ್ಯಾಂಕಿನ ಅಧಿಕಾರಿಯಂತೆ ನಟಿಸಿ ಫೋನು ಮಾಡಿದಾಗ ಕೇಳುವವನಿಗೆ ಸಹಜವಾಗಿಯೇ ನಂಬಿಕೆ ಹುಟ್ಟುತ್ತದೆ. ವ್ಯಾಪಾರವು ಕುದುರಿದ ಮೇಲೆ, ಕೊಳ್ಳುವವನೊಬ್ಬನಿಗೇ, ಬರವಣಿಗೆಯಲ್ಲಿ ಕಳುಹಿಸುವುದು ಲೇಸು. ಬಾಯಿಮಾತಿನಲ್ಲಿ ಹೇಳಿದರೆ ಅಂಕಿಗಳು ತಪ್ಪುವ ಸಂಭವವುಂಟು. ನೆಫ್ಟ್ ಮತ್ತು ಆರ್‌ಟಿಜಿಎಸ್ ಮೂಲಕ ಬರುವ ಹಣವನ್ನು ಬ್ಯಾಂಕುಗಳು ಖಾತೆಯ ನಂಬರನ್ನೇ ನೋಡಿ ಜಮೆಮಾಡುತ್ತವೆ; ಒಂದು ಅಂಕಿಯು ತಪ್ಪಿದರೂ ಹಣವು ಮತ್ತೊಬ್ಬನ ಪಾಲಾಗಬಹುದು.

ಪಾಸ್‌ಬುಕ್ಕಿನ ಚಿತ್ರ, ಆಧಾರ್ ಕಾರ್ಡು, ಡೆಬಿಟ್ ಕಾರ್ಡಿನ ಎರಡು ಬದಿಗಳ ಚಿತ್ರ, ಇವನ್ನು ಕೇಳುವ ಗಿರಾಕಿಯೂ ಇದ್ದಾನೆ. "ಹೆಸರು ಸರಿಯೇ ಎಂದು ನೋಡಬೇಕು" ಎಂಬುದು ಅವನ ನೆಪ. ಇದಕ್ಕೆ ಈಗ ಅವಕಾಶವಿಲ್ಲ. ನೆಫ್ಟ್, ಆರ್‌ಟಿಜಿಎಸ್‌ಗಳಲ್ಲಿ ಹಣ ಕಳುಹಿಸುವವನಿಗೆ ಪಡೆಯುವವನ ಹೆಸರು ಮುಂಚಿತವಾಗಿಯೇ ಕಾಣುವ ಏರ್ಪಾಡನ್ನು 2025 ರ ಏಪ್ರಿಲ್ 1 ರೊಳಗಾಗಿ ಮಾಡಬೇಕೆಂದು ರಿಸರ್ವ್ ಬ್ಯಾಂಕು ಎಲ್ಲಾ ಬ್ಯಾಂಕುಗಳಿಗೂ ಸೂಚಿಸಿತು. ಯುಪಿಐಯಲ್ಲಂತೂ ಹೆಸರು ಮೊದಲೇ ಕಾಣುತ್ತದೆ. ದೊಡ್ಡ ವ್ಯಾಪಾರಸ್ಥರು ಅಥವಾ ಕಾರ್ಖಾನೆಯವರು ತಮ್ಮ ಲೆಕ್ಕಪತ್ರಕ್ಕಾಗಿ ರದ್ದಾದ ಚೆಕ್ಕನ್ನು ಕೇಳುವುದು ನ್ಯಾಯವಾದದ್ದೇ. ಆದರೆ ಅದರ ಮೇಲೆ ಅಡ್ಡಲಾಗಿ ಎರಡು ಗೆರೆಗಳನ್ನು ಎಳೆದು ನಡುವೆ "ರದ್ದು" ಎಂದು ದೊಡ್ಡದಾಗಿ ಬರೆದು, ರುಜು ಮಾಡದೆ ಕೊಡತಕ್ಕದ್ದು.

ಇಷ್ಟರಿಂದ ವ್ಯಕ್ತವಾಗುವುದೇನೆಂದರೆ, ಅಪಾಯವಿರುವುದು ನಂಬರನ್ನು ಕೊಟ್ಟದ್ದರಲ್ಲಲ್ಲ, ಕೊಟ್ಟ ಮೇಲೆ ಗಿರಾಕಿಯು ಮುಂದೆ ಏನನ್ನು ಕೇಳುತ್ತಾನೆಂಬುದರಲ್ಲಿ. ದೇಶದ ನಾನಾ ಕಡೆಗಳಲ್ಲಿ ಒಂದೇ ಬಗೆಯಾಗಿ ನಡೆಯುತ್ತಿರುವ ಮೋಸದ ರೀತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ. ರೈತನೊಬ್ಬನು ಹಾಲು ಕರೆಯುವ ಹಸುವನ್ನು 45,000 ರೂಪಾಯಿಗಳಿಗೆ ಮಾರುವುದಾಗಿ ಪ್ರಕಟಿಸಿದನೆಂದು ಇಟ್ಟುಕೊಳ್ಳುವುದು. ಗಂಟೆಯೊಳಗಾಗಿ ಒಬ್ಬನು ಫೋನು ಮಾಡಿ, ತಾನು ಸೈನ್ಯದಲ್ಲಿರುವವನೆಂದೂ ಬೇರೆ ಊರಿಗೆ ವರ್ಗವಾಗಿರುವುದರಿಂದ ಹಸುವನ್ನು ನೋಡಲು ಬರಲಾಗುವುದಿಲ್ಲವೆಂದೂ ಹೇಳುತ್ತಾನೆ. ಸೈನಿಕರಲ್ಲಿ ಜನರಿಗಿರುವ ಗೌರವವೇ ಅವನ ಬಂಡವಾಳ. ಗುರುತಿನ ಚೀಟಿಯ ಚಿತ್ರವನ್ನೂ ಕಳುಹಿಸುತ್ತಾನೆ; ಅದು ಬೇರೆ ಯಾರದೋ ಇರುತ್ತದೆ. ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಚೌಕಾಸಿ ಮಾಡುವುದಿಲ್ಲ. ಹಸುವಿನ ಕೆಚ್ಚಲನ್ನೂ ಹಲ್ಲನ್ನೂ ವಿಚಾರಿಸದೆ, ಎಷ್ಟನೆಯ ಸೂಲೆಂದೂ ಕೇಳದೆ ಹಣವನ್ನು ಕೊಡುವ ಗಿರಾಕಿಯನ್ನು ಯಾವ ಜಾತ್ರೆಯಲ್ಲಿಯೂ ಯಾರೂ ಕಂಡವರಿಲ್ಲ. ಅಲ್ಲಿಯೇ ಸಂಶಯವು ಹುಟ್ಟತಕ್ಕದ್ದು.

ಅನಂತರ ಅವನು ನಂಬಿಕೆ ಹುಟ್ಟಿಸುವುದಕ್ಕಾಗಿ ಒಂದು ರೂಪಾಯಿಯನ್ನೋ ಹತ್ತು ರೂಪಾಯಿಗಳನ್ನೋ ನಿಜವಾಗಿಯೇ ಕಳುಹಿಸುತ್ತಾನೆ. ಬಳಿಕ ಕ್ಯೂಆರ್ ಎಂಬ ಚೌಕದ ಗುರುತನ್ನು ಕಳುಹಿಸಿ, "ಸಂಚಕಾರದ ಹಣವು ಇದರಲ್ಲಿದೆ, ಸ್ಕ್ಯಾನು ಮಾಡಿ ಪಿನ್ನು ಒತ್ತಿದರೆ ತಮ್ಮ ಖಾತೆಗೆ ಜಮೆಯಾಗುವುದು" ಎಂದು ಅವಸರಪಡಿಸುತ್ತಾನೆ. ರೈತನು ಹಾಗೆ ಮಾಡಿದ ಕ್ಷಣದಲ್ಲಿ ಹಣವು ಬರುವುದಕ್ಕೆ ಬದಲಾಗಿ ಹೋಗುತ್ತದೆ. ಹೋಯಿತೆಂದು ಕೂಗಿಕೊಂಡರೆ "ತಪ್ಪಾಯಿತು, ಹಿಂದಕ್ಕೆ ಕಳುಹಿಸುತ್ತೇನೆ" ಎಂದು ಇನ್ನೊಂದು ಚೌಕವನ್ನು ಕಳುಹಿಸುತ್ತಾನೆ. ಎರಡನೆಯ ಸಲವೂ ಹಣವು ಹೋಗುತ್ತದೆ. ಇದೊಂದನ್ನು ಪ್ರತಿಯೊಂದು ಮನೆಯಲ್ಲಿಯೂ ಹೆಂಗಸರಿಗೂ ಹುಡುಗರಿಗೂ ತಿಳಿಯುವಂತೆ ಹೇಳಿಡಬೇಕು: 2016 ರಲ್ಲಿ ಯುಪಿಐ ಆರಂಭವಾದಂದಿನಿಂದ ಇಂದಿನವರೆಗೂ ಹಣವನ್ನು ಪಡೆಯುವವನು ಪಿನ್ನನ್ನು ಒತ್ತಬೇಕೆಂಬ ನಿಯಮವು ಇದ್ದದ್ದೇ ಇಲ್ಲ. 4 ಅಥವಾ 6 ಅಂಕಿಗಳ ಆ ಪಿನ್ನು ಹಣವನ್ನು ಕೊಡುವುದಕ್ಕೂ ಉಳಿಕೆಯನ್ನು ನೋಡುವುದಕ್ಕೂ ಉಪಯೋಗವಾಗತಕ್ಕದ್ದು. ಇತರರು ಕಳುಹಿಸಿದ ಚೌಕವನ್ನು ಸ್ಕ್ಯಾನು ಮಾಡುವುದೆಂದರೆ ಅವರಿಗೆ ಹಣ ಕೊಡಲು ಹೊರಟಂತೆಯೇ ಸರಿ. ಮಾರುವವನು ತನ್ನ ಚೌಕವನ್ನು ಗಿರಾಕಿಗೆ ತೋರಿಸಬೇಕೇ ಹೊರತು ಗಿರಾಕಿಯದನ್ನು ತಾನು ನೋಡತಕ್ಕದ್ದಲ್ಲ. ಹಿಂದೆ ಹಣವನ್ನು ಬೇಡುವ ಕೋರಿಕೆಯನ್ನೇ ಹಣ ಕಳುಹಿಸಿದ ಸೂಚನೆಯೆಂದು ನಂಬಿಸಿ ವಂಚಿಸುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಅಂತಹ ಕೋರಿಕೆಗಳನ್ನು 2025 ರ ಅಕ್ಟೋಬರ್ 1 ರಿಂದ ನಿಲ್ಲಿಸಲಾಗಿದೆ. ಚೌಕದ ಮೋಸಕ್ಕೆ ಮಾತ್ರ ಇದರಿಂದ ತಡೆಯಿಲ್ಲ.

ಫೋನಿಗೆ ಬರುವ ಸಂದೇಶಗಳಿಂದಲೂ ಮೋಸವಾಗುವುದುಂಟು. 5,000 ರೂಪಾಯಿ ಸಂಚಕಾರ ಕಳುಹಿಸಬೇಕಾದವನು 50,000 ಜಮೆಯಾಯಿತೆಂದು ಸುಳ್ಳು ಸಂದೇಶವನ್ನು ತಾನೇ ಬರೆದು ಕಳುಹಿಸಿ, "ಒಂದು ಸೊನ್ನೆ ಹೆಚ್ಚಾಯಿತು, ಮಗಳು ಆಸ್ಪತ್ರೆಯಲ್ಲಿದ್ದಾಳೆ, ಉಳಿದ 45,000 ವನ್ನು ಕೂಡಲೇ ಹಿಂದಕ್ಕೆ ಹಾಕಿ" ಎಂದು ಅಳುತ್ತಾನೆ. ಸಂದೇಶವು ಜಮೆಯಲ್ಲ. ಖಾತೆಯ ಉಳಿಕೆಯನ್ನು ಬ್ಯಾಂಕಿನ ಆ್ಯಪಿನಲ್ಲಿ ಅಥವಾ ಶಾಖೆಯಲ್ಲಿ ನೋಡಿದ ಹೊರತು ಮಾಲನ್ನಾಗಲಿ ಹಣವನ್ನಾಗಲಿ ಬಿಡಕೂಡದು. ಗಿರಾಕಿಯು ಚೆಕ್ಕನ್ನು ತುಂಬಿದ ರಸೀತಿಯನ್ನು ತೋರಿಸಿದರೂ ಅಷ್ಟೇ. ಚೆಕ್ಕು ವಸೂಲಾಗುವವರೆಗೆ ಅದು ಬರಿಯ ಕಾಗದ. "ಇಂದು ಭಾನುವಾರ, ಹಣವು ನಾಳೆ ಬರುವುದು" ಎಂಬ ಮಾತಿಗೂ ಬೆಲೆಯಿಲ್ಲ. 2019 ರ ಡಿಸೆಂಬರ್ 16 ರಿಂದ ನೆಫ್ಟ್ ಏರ್ಪಾಡು ರಜಾದಿನಗಳಲ್ಲಿಯೂ ಹಗಲೂ ರಾತ್ರಿ ನಡೆಯುತ್ತದೆ.

ಬೆರಳಚ್ಚಿನ ವಿಷಯವು ಜಮೀನುದಾರರಿಗೆ ಹೆಚ್ಚಾಗಿ ಸಂಬಂಧಪಟ್ಟದ್ದು. ಆಧಾರ್ ಮೂಲಕ ಹಣ ತೆಗೆಯುವ ಏರ್ಪಾಡಿನಲ್ಲಿ ಬ್ಯಾಂಕಿನ ಹೆಸರು, ಆಧಾರ್ ನಂಬರು, ಬೆರಳಚ್ಚು ಈ ಮೂರಿದ್ದರೆ ಸಾಕು, ಒಟಿಪಿ ಬೇಕಿಲ್ಲ. ಕ್ರಯಪತ್ರ ಮೊದಲಾದ ದಸ್ತಾವೇಜುಗಳಲ್ಲಿ ಬೆರಳಿನ ಗುರುತೂ ಆಧಾರ್ ನಂಬರೂ ಒಟ್ಟಿಗೆ ಇರುವುದರಿಂದ, ಅವುಗಳ ನಕಲುಗಳಿಂದ ಕೃತಕ ಬೆರಳಚ್ಚನ್ನು ತಯಾರಿಸಿ ಹಣವನ್ನು ತೆಗೆದರೆಂಬ ದೂರುಗಳು 2023 ರಲ್ಲಿ ಬೆಂಗಳೂರಿನಲ್ಲಿಯೇ ಬಂದವು. ಆದಕಾರಣ ಗಿರಾಕಿಗೆ ಆಧಾರನ್ನು ಕೊಡಲೇಬೇಕಾದ ಸಂದರ್ಭದಲ್ಲಿ ಕಡೆಯ 4 ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ಕೊಡಬೇಕು. ಬೆರಳಚ್ಚಿಗೆ ಆಧಾರ್ ಪ್ರಾಧಿಕಾರದವರ ಆ್ಯಪಿನ ಮೂಲಕ ಬೀಗಹಾಕಿಡಬೇಕು. ಪಡಿತರ ತರಲು ಹೋಗುವ ದಿನ ಅದನ್ನು ತೆರೆಯುವುದನ್ನು ಮರೆತರೆ ಅಂಗಡಿಯಿಂದ ಬರಿಗೈಯಲ್ಲಿ ಬರಬೇಕಾದೀತು.

ಮೋಸಹೋದವರು ಅವಮಾನಕ್ಕೆ ಅಂಜಿ ಎರಡು ಮೂರು ದಿನ ಸುಮ್ಮನಿರುವುದೇ ಅತ್ಯಂತ ಹಾನಿಕರ. ಕೂಡಲೇ 1930 ನಂಬರಿಗೆ ಫೋನು ಮಾಡಿ ದೂರನ್ನು ದಾಖಲು ಮಾಡಿಸಿ, ಬ್ಯಾಂಕಿಗೂ ತಿಳಿಸಿದರೆ, ಹಣವು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯುವ ಸಂಭವವುಂಟು. ರಿಸರ್ವ್ ಬ್ಯಾಂಕು 2017 ರ ಜುಲೈ 6 ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಗಿರಾಕಿಯದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣವು ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟವು ಗಿರಾಕಿಯದಲ್ಲವೆಂದೂ, ಪಿನ್ನು ಮೊದಲಾದವನ್ನು ತಾನೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ ಎಂದೂ ವಿಂಗಡಿಸಲಾಗಿತ್ತು. ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕು ಹೊರಬೇಕಾಗಿತ್ತು. ಊರಿನ ಯಜಮಾನರು ಇಂತಹವನನ್ನು ಗದರಿಸುವ ಬದಲು ಮೊದಲು ಫೋನು ಮಾಡಿಸುವುದು ಮೇಲು. ಗದರಿಸುವುದಕ್ಕೆ ಆಮೇಲೆಯೂ ಕಾಲವಿದೆ.

ಮಾರಾಟದ ಹಣಕ್ಕೆಂದೇ ಬೇರೊಂದು ಉಳಿತಾಯ ಖಾತೆಯನ್ನು ತೆರೆದು, ಅದರಲ್ಲಿ ಸ್ವಲ್ಪವೇ ಉಳಿಕೆಯನ್ನಿಟ್ಟು, ಬಂದ ಹಣವನ್ನು ಆಗಿಂದಾಗ್ಗೆ ಮುಖ್ಯ ಖಾತೆಗೆ ವರ್ಗಾಯಿಸುವ ಪದ್ಧತಿಯು ಬಹಳ ಅನುಕೂಲವಾದದ್ದು. ಬೆಳೆಯ ಸಾಲವೂ ಮದುವೆಗೆ ಕೂಡಿಟ್ಟ ಹಣವೂ ಇರುವ ಖಾತೆಯ ನಂಬರು ಆಗ ಹೊರಗಿನವರಿಗೆ ತಿಳಿಯುವುದಿಲ್ಲ.

ಇದರ ಉಪಯೋಗವು ಮತ್ತೊಂದು ಕಷ್ಟದಲ್ಲಿಯೂ ಕಾಣುತ್ತದೆ. ಪಿನ್ನನ್ನು ಯಾರಿಗೂ ಹೇಳದೆ, ಪೂರ್ಣ ಬೆಲೆಯನ್ನು ಪಡೆದು, ಪ್ರಾಮಾಣಿಕವಾಗಿ ಮಾಲನ್ನು ಕಳುಹಿಸಿದವನಿಗೂ ಕೆಲವು ವಾರಗಳ ಮೇಲೆ ಖಾತೆಯು ತಡೆಹಿಡಿಯಲ್ಪಟ್ಟಿದೆಯೆಂದು ತಿಳಿಯಬಹುದು. ಕಾರಣವೇನೆಂದರೆ, ಗಿರಾಕಿಯು ತನ್ನ ಹಣವನ್ನು ಕೊಡದೆ, ಬೇರೊಬ್ಬನಿಂದ ಮೋಸಮಾಡಿ ಕಸಿದ ಹಣವನ್ನು ನೇರವಾಗಿ ಈ ಖಾತೆಗೆ ಹಾಕಿಸಿ ಕೊಬ್ಬರಿಯನ್ನೋ ಬೆಲ್ಲವನ್ನೋ ಸಾಗಿಸಿಕೊಂಡು ಹೋಗಿರುತ್ತಾನೆ. ಹಣ ಕಳೆದುಕೊಂಡವನು ದೂರುಕೊಟ್ಟಾಗ ಪೋಲೀಸಿನವರು ಹಣದ ಜಾಡನ್ನು ಹಿಡಿದು ಬಂದು, ಅದು ಸೇರಿದ ಖಾತೆಯನ್ನು ನಿಲ್ಲಿಸಲು ಬ್ಯಾಂಕಿಗೆ ಬರೆಯುತ್ತಾರೆ. 2024 ರ ಜುಲೈ 1 ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106 ನೆಯ ಕಲಮು ಸಂಶಯಕ್ಕೊಳಗಾದ ಸ್ವತ್ತನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಪೋಲೀಸರಿಗೆ ಕೊಡುತ್ತದೆ. ಬಿತ್ತನೆಯ ಕಾಲದಲ್ಲಿ ಮುಖ್ಯ ಖಾತೆಯೇ ನಿಂತುಹೋದರೆ ಆಗುವ ತೊಂದರೆಯನ್ನು ಹೇಳಬೇಕಾದದ್ದಿಲ್ಲ.

ಇದಕ್ಕೆ ಪರಿಹಾರವು ಮಾರುವವನ ಕೈಯಲ್ಲಿಯೇ ಇದೆ. ಹಣವು ಬಂದೊಡನೆ ಅದನ್ನು ಕಳುಹಿಸಿದವನ ಹೆಸರನ್ನು ನೋಡಿ, ಮಾತನಾಡಿದ ಗಿರಾಕಿಯ ಹೆಸರಿಗೂ ಅದಕ್ಕೂ ಹೊಂದಿಕೆಯಿದೆಯೇ ಎಂದು ವಿಚಾರಿಸಬೇಕು. "ಪಾಲುದಾರನು ಹಾಕುತ್ತಾನೆ", "ಭಾವಮೈದುನನು ಹಾಕುತ್ತಾನೆ" ಎಂದು ಮೂರು ಬೇರೆ ಬೇರೆ ಹೆಸರುಗಳಿಂದ ಚೂರುಚೂರಾಗಿ ಹಣವು ಬಂದರೆ ಮಾಲನ್ನು ತಡೆದು ಬ್ಯಾಂಕಿನಲ್ಲಿ ಕೇಳತಕ್ಕದ್ದು. ಅಂತಹ ಹಣವನ್ನು ಗಿರಾಕಿಯು ತೋರಿಸಿದ ಬೇರೆ ಖಾತೆಗೆ ತಾನಾಗಿಯೇ ಹಿಂದಿರುಗಿಸಲೂ ಕೂಡದು. ಹಿಂದಿರುಗಿಸುವುದಾದರೆ ಬ್ಯಾಂಕಿನ ಮೂಲಕ, ಬಂದ ಖಾತೆಗೇ ಹಿಂದಿರುಗಿಸಬೇಕು. ಪ್ರತಿಯೊಂದು ಮಾರಾಟಕ್ಕೂ ತೂಕದ ಚೀಟಿ, ಬಿಲ್ಲಿನ ನಕಲು, ಲಾರಿಯ ನಂಬರು, ಚಾಲಕನ ರುಜು, ಗಿರಾಕಿಯೊಡನೆ ನಡೆದ ಸಂದೇಶಗಳು, ಪಾವತಿಯ ಉಲ್ಲೇಖ ಸಂಖ್ಯೆ ಇವುಗಳನ್ನು ಒಂದು ಕಡತದಲ್ಲಿ ಇಡುವುದು. ಖಾತೆಯು ನಿಂತಿತೆಂದು ತಿಳಿದ ದಿನವೇ, ಯಾವ ಠಾಣೆಯಿಂದ ಯಾವ ನಂಬರಿನ ದೂರಿನ ಮೇಲೆ ಎಷ್ಟು ಮೊಬಲಗಿಗೆ ತಡೆಯಾಗಿದೆಯೆಂಬುದನ್ನು ಬ್ಯಾಂಕಿನಿಂದ ಬರವಣಿಗೆಯಲ್ಲಿ ಪಡೆದು, ಈ ಕಡತದ ನಕಲುಗಳೊಡನೆ ಆ ಠಾಣೆಯ ತನಿಖಾಧಿಕಾರಿಗೆ ಅರ್ಜಿಯನ್ನು ಕಳುಹಿಸಬೇಕು. ವಿವಾದದ ಮೊಬಲಗನ್ನು ಮಾತ್ರ ತಡೆದು ಉಳಿದ ಹಣವನ್ನು ಬಿಡಬೇಕೆಂದು ಅದರಲ್ಲಿಯೇ ಕೇಳಿಕೊಳ್ಳಬಹುದು.