ಪಿನೋಕಿಯೋ: ಮನೆಗೆ ವಾಪಸ್ ಬಾರದ ಹುಡುಗರು

ಪಿನೋಕಿಯೋ ಅಂದ ತಕ್ಷಣ ನಮಗೆ ನೆನಪಾಗೋದು ಉದ್ದ ಮೂಗು. ಆದರೆ ಡಿಸ್ನಿಯವರ 1940ರ ಸಿನಿಮಾದಲ್ಲಿ ಮೂಗು ಬೆಳೆಯೋದು ಒಂದೇ ಒಂದು ದೃಶ್ಯದಲ್ಲಿ. ಚಿಕ್ಕವರಿದ್ದಾಗ ನಮ್ಮನ್ನು ಹೆದರಿಸಿದ್ದು ಮಾನ್‌ಸ್ಟ್ರೋ ಎಂಬ ತಿಮಿಂಗಿಲ. ಈಗ ಮತ್ತೆ ನೋಡಿದರೆ ಅದು ಅಷ್ಟೇನೂ ಭಯ ಹುಟ್ಟಿಸಲ್ಲ. ದೊಡ್ಡ ಬಾಯಿ, ದೊಡ್ಡ ಅಲೆ, ಅಷ್ಟೇ. ಎದೆ ನಡುಗಿಸೋದು ಅದಕ್ಕೂ ಮುಂಚೆ ಬರುವ ಪ್ಲೆಷರ್ ಐಲ್ಯಾಂಡ್. ಈ ಲೇಖನದಲ್ಲಿ ಆ ಭಾಗವನ್ನಷ್ಟೇ ನೋಡೋಣ.

ಒಬ್ಬ ಸಾರೋಟಿನವನು ಶಾಲೆ ತಪ್ಪಿಸುವ ಹುಡುಗರನ್ನು ಒಟ್ಟುಮಾಡಿ ದ್ವೀಪಕ್ಕೆ ಕರೆದೊಯ್ಯುತ್ತಾನೆ. ಹುಡುಗರನ್ನು ಹಿಡಿದುಕೊಡಲು ನರಿ ಮತ್ತು ಬೆಕ್ಕಿಗೆ ದುಡ್ಡಿನ ಆಸೆ ತೋರಿಸುತ್ತಾನೆ. ಮೋಸವನ್ನೇ ಕಸುಬು ಮಾಡಿಕೊಂಡ ಆ ನರಿ ಕೂಡ ದ್ವೀಪದ ಹೆಸರು ಕೇಳಿ ಬೆಚ್ಚಿಬೀಳುತ್ತೆ, ನೋಡಿ! ಆ ಸಾರೋಟನ್ನು ಎಳೆಯೋದು ಕುದುರೆಗಳಲ್ಲ, ಕತ್ತೆಗಳು. ಮೊದಲ ಸಲ ನೋಡುವಾಗ ಇದು ಗಮನಕ್ಕೇ ಬರಲ್ಲ. ಎರಡನೇ ಸಲ ನೋಡುವಾಗ ಅವು ಯಾರು ಅಂತ ಗೊತ್ತಿರುತ್ತೆ.

ದ್ವೀಪದಲ್ಲಿ ತಿನ್ನಬಹುದು, ಕುಡಿಯಬಹುದು, ಸಿಗಾರ್ ಸೇದಬಹುದು, ಕಣ್ಣಿಗೆ ಬಿದ್ದದ್ದನ್ನು ಒಡೆಯಬಹುದು. ಸ್ವಲ್ಪ ಹೊತ್ತಿನಲ್ಲೇ ಎಲ್ಲ ಖಾಲಿ, ಎಲ್ಲ ನಿಶ್ಶಬ್ದ. ಪಿನೋಕಿಯೋ ಮತ್ತು ಅವನ ಹೊಸ ಗೆಳೆಯ ಲ್ಯಾಂಪ್‌ವಿಕ್ ಬಿಲಿಯರ್ಡ್ಸ್ ಆಡ್ತಾ ಕೂತಿದ್ದಾರೆ. ಲ್ಯಾಂಪ್‌ವಿಕ್‌ಗೆ ಮೊದಲು ಕಿವಿ ಬರುತ್ತೆ, ಆಮೇಲೆ ಬಾಲ. ಅವನಿಗೆ ಗೊತ್ತಾಗಲ್ಲ. ಪಿನೋಕಿಯೋ ಗಾಬರಿಯಾಗಿ ತನ್ನ ಬಿಯರ್ ಲೋಟವನ್ನು ಪಕ್ಕಕ್ಕೆ ತಳ್ತಾನೆ. ಇಲ್ಲಿವರೆಗೂ ನಾವು ನಗ್ತಾನೇ ಇರ್ತೀವಿ. ಲ್ಯಾಂಪ್‌ವಿಕ್ ಕೂಡ ನಗ್ತಾನೆ, ಆ ನಗು ಕತ್ತೆಯ ಕೂಗಾಗಿ ಹೊರಬರುತ್ತೆ. ಅಲ್ಲಿಂದ ತಮಾಷೆ ಮುಗೀತು. ಕನ್ನಡಿ ನೋಡ್ತಾನೆ, ಮೊಣಕಾಲೂರಿ ಸಹಾಯ ಬೇಡ್ತಾನೆ. ಪಿನೋಕಿಯೋನನ್ನು ಹಿಡಿದುಕೊಂಡ ಕೈಗಳು ನಮ್ಮ ಕಣ್ಣೆದುರೇ ಗೊರಸಾಗುತ್ತವೆ. ಉಳಿದದ್ದನ್ನು ಚಿತ್ರಕಾರರು ನೇರವಾಗಿ ತೋರಿಸದೆ ಗೋಡೆಯ ಮೇಲಿನ ನೆರಳಿನಲ್ಲಿ ತೋರಿಸಿದ್ದಾರೆ. ಕೊನೆಯದಾಗಿ ಅಮ್ಮನನ್ನು ಕರೆಯುವ ಕೂಗು, ಅದೂ ಕತ್ತೆಯ ಕೂಗಿನಲ್ಲಿ ಕರಗಿಹೋಗುತ್ತೆ.

ಇದಕ್ಕಿಂತ ಕ್ರೂರವಾದದ್ದು ಹೊರಗೆ ನಡೀತಿದೆ. ಸಾರೋಟಿನವನು ಒಂದೊಂದೇ ಕತ್ತೆಯನ್ನು ನಿಲ್ಲಿಸಿ ಹೆಸರು ಕೇಳ್ತಾನೆ. ಬರೀ ಅರಚಿದರೆ ಬಟ್ಟೆ ಕಿತ್ತು ಪೆಟ್ಟಿಗೆಗೆ. ಅಲ್ಲಿಂದ ಉಪ್ಪಿನ ಗಣಿಗೋ ಸರ್ಕಸ್ಸಿಗೋ. ಒಂದು ಪುಟ್ಟ ಕತ್ತೆ ತನ್ನ ಹೆಸರು ಅಲೆಕ್ಸಾಂಡರ್ ಅಂತ ಹೇಳುತ್ತೆ. ಮಾತಾಡುತ್ತಲ್ಲ, ಇನ್ನೂ ಮಾರಾಟಕ್ಕೆ ರೆಡಿ ಇಲ್ಲ ಅಂತ ಅದನ್ನು ಬೇರೆ ದೊಡ್ಡಿಗೆ ನೂಕ್ತಾನೆ. ನಮ್ಮ ಮನೆಗಳಲ್ಲಿ 'ಕತ್ತೆ' ಅನ್ನೋದು ದಿನಕ್ಕೆ ನಾಲ್ಕು ಸಲ ಬೀಳುವ ಬೈಗುಳ, ಹಾಗಾಗಿ ಈ ಶಿಕ್ಷೆ ನಮಗೆ ಮೊದಲು ತಮಾಷೆಯಾಗಿಯೇ ಕೇಳಿಸುತ್ತೆ. ಆದರೆ ಇಲ್ಲಿ ಕತ್ತೆಯಾಗೋದು ಅಂದ್ರೆ ಕಿವಿ, ಬಾಲ ಬರೋದಲ್ಲ. ತನ್ನ ಹೆಸರು ಹೇಳೋಕೆ ಬಾಯಿ ಬಾರದಿರೋದು.

ಪಿನೋಕಿಯೋ ಕಿವಿ, ಬಾಲದ ಸಮೇತ ಸಮುದ್ರಕ್ಕೆ ಹಾರಿ ತಪ್ಪಿಸಿಕೊಳ್ತಾನೆ. ಕೊನೆಗೆ ನಿಜವಾದ ಹುಡುಗನಾಗ್ತಾನೆ. ಆ ಉಳಿದ ಹುಡುಗರು? ಸಿನಿಮಾ ಅವರ ಸುದ್ದಿಯನ್ನೇ ಎತ್ತಲ್ಲ. ಸಾರೋಟಿನವನಿಗೆ ಶಿಕ್ಷೆಯೂ ಇಲ್ಲ. ಇದು ಕಥೆಯಲ್ಲಿ ಬಿಟ್ಟುಹೋದ ಲೋಪ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ಕೊನೆಯಲ್ಲಿ ಎಲ್ಲರನ್ನೂ ಬಿಡಿಸಿ ತಂದಿದ್ದರೆ ಆ ನೆರಳಿನ ದೃಶ್ಯ ಇಷ್ಟು ದಿನ ಮನಸ್ಸಲ್ಲಿ ಉಳೀತಿರಲಿಲ್ಲ.

ಮೂಲ ಕಥೆ ಇಟಲಿಯ ಕಾರ್ಲೋ ಕೊಲೋಡಿಯದು. 1881ರಲ್ಲಿ ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾಯ್ತು, 1883ರಲ್ಲಿ ಪುಸ್ತಕವಾಯ್ತು. ಅದು ಇನ್ನೂ ಕಠೋರ. ಬುದ್ಧಿ ಹೇಳಿದ ಮಿಡತೆಯನ್ನು ಪಿನೋಕಿಯೋ ಸುತ್ತಿಗೆ ಎಸೆದು ಕೊಲ್ತಾನೆ. 15ನೇ ಅಧ್ಯಾಯದಲ್ಲಿ ಅವನನ್ನೇ ಮರಕ್ಕೆ ನೇಣು ಹಾಕ್ತಾರೆ. ಕೊಲೋಡಿ ಕಥೆಯನ್ನು ಮೊದಲು ಅಲ್ಲಿಗೇ ಮುಗಿಸಿದ್ದ. ಆದರೆ ಪುಸ್ತಕದಲ್ಲಿ ಗೆಳೆಯನ ಗತಿ ಏನಾಯ್ತು ಅಂತ ಗೊತ್ತಾಗುತ್ತೆ. ತಂದೆಗೆ ಒಂದು ಲೋಟ ಹಾಲು ಬೇಕು ಅಂತ ಪಿನೋಕಿಯೋ ಒಬ್ಬ ತೋಟಗಾರನ ಬಳಿ ನೀರೆತ್ತುವ ಕೆಲಸಕ್ಕೆ ಸೇರ್ತಾನೆ. ಅದುವರೆಗೆ ಆ ಕೆಲಸ ಮಾಡ್ತಿದ್ದ ಕತ್ತೆ ದುಡಿದು ದುಡಿದು ಸಾಯ್ತಾ ಬಿದ್ದಿದೆ. ಹೋಗಿ ನೋಡಿದರೆ ಅದೇ ಗೆಳೆಯ. ಪಿನೋಕಿಯೋ ಅಳ್ತಾನೆ, ಇವನು ನನ್ನ ಶಾಲೆಯ ಜೊತೆಗಾರ ಅಂತಾನೆ. ಕತ್ತೆಗಳ ಜೊತೆ ಓದಿದವನಾ ನೀನು ಅಂತ ತೋಟಗಾರ ಜೋರಾಗಿ ನಗ್ತಾನೆ.